ಎಡಗಡೆಯ ಗೋಪುರ

ಕಾರು ಬಾಗಿಲಿಗೆ ಬಂದು ನಿಂತಾಗಲೂ ಅವನು ಆ ಕಾಗದವನ್ನೇ ನೋಡುತ್ತಿದ್ದ. ಮಗಳು ಕಳಿಸಿದ್ದು. ಅಪ್ಪ ಅಮ್ಮನ ಮದುವೆಯಾಗಿ ನಲವತ್ತು ವರ್ಷ ತುಂಬಿದ್ದಕ್ಕೆ ಒಂದು ದಿನದ ಪ್ರವಾಸ, ಗುಂಪಿನ ಜೊತೆ ಅಲ್ಲ, ನಿಮ್ಮಿಬ್ಬರಿಗೇ ಒಂದು ಕಾರು, ನಿಮ್ಮಿಬ್ಬರಿಗೇ ಒಬ್ಬ ಗೈಡು, ಬೇಡ ಅಂದರೆ ನಾನು ಇನ್ನು ಫೋನ್ ಮಾಡುವುದಿಲ್ಲ ಎಂದು ಹೇಳಿ ಫೋನ್ ಇಟ್ಟುಬಿಟ್ಟಿದ್ದಳು. ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ ನೋಡುವ ಜಾಗಗಳನ್ನು ಸಾಲಾಗಿ ಅಚ್ಚು ಹಾಕಿದ್ದರು: ಕಲ್ಲಿನ ಸೇತುವೆ, ಹಳೆಯ ಕಾಲುವೆ, ಕೆರೆಯ ದಂಡೆಯಲ್ಲಿ ಊಟ, ರಾಣಿ ಗೋಪುರ. ಬದುಕೆಲ್ಲ ಅಚ್ಚಿನ ಮನೆಯಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿದವನು ಯಾವ ಕಾಗದ ಕೈಗೆ ಬಂದರೂ ಮೊದಲು ತಪ್ಪು ಹುಡುಕುತ್ತಾನೆ. ಮದುವೆಯ ಕರೆಯೋಲೆಯಾದರೂ ಸರಿ, ಔಷಧಿಯ ಚೀಟಿಯಾದರೂ ಸರಿ. ಇದರಲ್ಲಿ ಒಂದೂ ಸಿಗಲಿಲ್ಲ. ನಾಲ್ಕನೆಯ ಸಾಲಿನ ಹತ್ತಿರ ಮಾತ್ರ ಕಣ್ಣು ನಿಂತು ನಿಂತು ಮುಂದೆ ಹೋಗುತ್ತಿತ್ತು. ರಾಣಿ ಗೋಪುರ, ಒಂದು ಗಂಟೆ. ಒಂದು ಗಂಟೆ ಅಲ್ಲಿ ನಿಂತು ಏನು ಮಾಡುವುದು, ಯಾವ ಕಡೆ ಮುಖ ಇಟ್ಟುಕೊಳ್ಳುವುದು ಎಂದು ಅವನು ವಾರದಿಂದ ಯೋಚಿಸುತ್ತಿದ್ದ.

"ರೀ, ಅದನ್ನೇನು ಪರೀಕ್ಷೆಗೆ ಓದ್ತಿದ್ದೀರಾ? ಬನ್ನಿ," ಎಂದಳು ಹೆಂಡತಿ. ಅವಳ ಕಾಲಲ್ಲಿ ಹೊಸ ಬಿಳಿ ಬಟ್ಟೆಯ ಬೂಟು. ವಾರದಿಂದ ಮನೆಯೊಳಗೇ ಹಾಕಿಕೊಂಡು ಅಡುಗೆಮನೆಗೂ ಹಿತ್ತಲಿಗೂ ಓಡಾಡಿ ಪಳಗಿಸಿದ್ದಳು.

ಗೈಡು ಮೂವತ್ತೈದರ ಹತ್ತಿರದ ಹೆಂಗಸು. ಓಡಿಸುವವಳೂ ಅವಳೇ, ಹೇಳುವವಳೂ ಅವಳೇ. ದಾರಿಯ ಮೇಲೆ ಕಣ್ಣಿಟ್ಟು ಹಿಂದಿನ ಸೀಟಿಗೆ ಕೇಳುವಂತೆ ಮಾತಾಡುವುದು ರೂಢಿಯಾಗಿ ಅವಳ ಧ್ವನಿ ಸ್ವಲ್ಪ ಎತ್ತರದಲ್ಲೇ ನಿಂತುಬಿಟ್ಟಿತ್ತು. ಹೆಂಡತಿಗೆ ಅವಳು ಹತ್ತು ನಿಮಿಷದಲ್ಲಿ ಹಿಡಿಸಿದಳು. ಹೆಂಡತಿ ಯಾರನ್ನೇ ಆಗಲಿ ಒಮ್ಮೆ ತೂಗಿ ನೋಡಿ ಲೆಕ್ಕ ಮುಗಿಸುವವಳು. ದವಸದ ಗೋದಾಮಿನಲ್ಲಿ ಇಪ್ಪತ್ತೆಂಟು ವರ್ಷ ತೂಕದ ಗುಮಾಸ್ತೆಯಾಗಿದ್ದವಳು ಬೇರೆ ಹೇಗೆ ಇರುತ್ತಾಳೆ. "ರಾಣಿ ಗೋಪುರವನ್ನ ಬೇಕೂಂತಲೇ ಕೊನೆಗೆ ಇಟ್ಟಿದ್ದೀನಿ ಅಮ್ಮ," ಎಂದಳು ಗೈಡು. "ಅದನ್ನ ನೋಡಿದ ಮೇಲೆ ಬೇರೇನೂ ನೋಡೋಕೆ ಮನಸ್ಸಾಗಲ್ಲ. ಎಷ್ಟೋ ಜನ ಅತ್ತುಬಿಡ್ತಾರೆ. ಸರ್ ಥರದೋರೂ ಅಳ್ತಾರೆ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ಕಾಲರ್ ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದ.

ಹೊರಗೆ ಬೆಳಗು ಚೆನ್ನಾಗಿತ್ತು. ಅದನ್ನೂ ಒಪ್ಪಿಕೊಳ್ಳಬೇಕು. ದಾರಿಯ ಎರಡೂ ಕಡೆ ಗುಡ್ಡಗಳು ಒಂದರ ಹಿಂದೆ ಒಂದು ತಿಳಿಯಾಗುತ್ತ ಹೋಗಿ ಕೊನೆಯದು ಆಕಾಶವೋ ಗುಡ್ಡವೋ ಗೊತ್ತಾಗುತ್ತಿರಲಿಲ್ಲ. ಕಲ್ಲಿನ ಸೇತುವೆಯ ಮೇಲೆ ಅವನು ಕೈಯಿಟ್ಟು ನೋಡಿದ, ಬಿಸಿಲಿಗೆ ಕಲ್ಲು ಹದವಾಗಿ ಕಾದಿತ್ತು. ಸುಣ್ಣವಿಲ್ಲದೆ ಬರೀ ಕಲ್ಲಿಗೆ ಕಲ್ಲು ಒತ್ತಿ ನಿಂತಿದೆ, ಒಂದು ತೆಗೆದರೆ ಎಲ್ಲ ಬೀಳುತ್ತದೆ ಎಂದು ಗೈಡು ಹೇಳಿದಾಗ ಅವನಿಗೆ ಚೌಕಟ್ಟಿನಲ್ಲಿ ಬಿಗಿದ ಮೊಳೆಗಳ ನೆನಪಾಗಿ, ನಮ್ಮದೂ ಹಾಗೇ ಎಂದು ಖುಷಿಯಿಂದ ಹೇಳಹೊರಟವನು ಅರ್ಧದಲ್ಲಿ ನಿಲ್ಲಿಸಿದ. ಅಚ್ಚಿನ ಮನೆಯ ಮಾತು ಎತ್ತಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೋ. ಹೆಂಡತಿ ಸೇತುವೆಯನ್ನು ಈ ತುದಿಯಿಂದ ಆ ತುದಿಗೆ ನಡೆದು, ಯಾರೂ ಕೇಳದಿದ್ದರೂ ಮತ್ತೆ ವಾಪಸು ನಡೆದು ಬಂದಳು. ಕಾಲುವೆಯ ಹತ್ತಿರವೂ ಅಷ್ಟೇ, ದಿಬ್ಬ ಕಂಡಲ್ಲೆಲ್ಲ ಹತ್ತಿದಳು. ಈ ವಯಸ್ಸಿಗೆ ಇವಳಿಗೇನು ಹುರುಪು ಎಂದು ಅವನಿಗೆ ನಗು ಬಂತು. ಸುಖವಾಗಿಯೇ ಇತ್ತು. ಗಾಳಿ, ನೀರಿನ ಸದ್ದು, ಬಾಟಲಿಯಲ್ಲಿ ತಂದ ಕಾಫಿ. ನಾಲ್ಕನೆಯ ಸಾಲು ಒಂದು ಇಲ್ಲದಿದ್ದರೆ ಇಂಥ ದಿನ ಇನ್ನೊಂದಿರಲಿಲ್ಲ.

ಅಚ್ಚಿನ ಮನೆಯಲ್ಲಿ ಅವನನ್ನು ಕನ್ನಡಿ ಎಂದು ಕರೆಯುತ್ತಿದ್ದರು. ಮೊಳೆಯಲ್ಲಿ ಎಲ್ಲವೂ ತಿರುಗುಮುರುಗು ಇರುತ್ತದೆ. ಅದನ್ನು ಓದಲು ಮೊಳೆ ಜೋಡಿಸುವ ಕಂಪೋಸಿಟರುಗಳು ಪುಟವನ್ನು ತಲೆಕೆಳಗಾಗಿ ಇಟ್ಟುಕೊಳ್ಳುತ್ತಾರೆ, ಹಾಗೆ ಇಟ್ಟುಕೊಂಡರೆ ಎಡದ್ದು ಎಡಕ್ಕೇ ಇರುತ್ತದೆ. ಅವನಿಗೆ ಹಾಗೆ ಓದುವುದು ಬೇರೆಯವರು ಪೇಪರು ಓದಿದಷ್ಟು ಸಲೀಸು. ಇವನ ಕೈಯಿಂದ ತಪ್ಪು ಹೊರಗೆ ಹೋಗುವುದಿಲ್ಲ ಎಂದು ಯಜಮಾನರು ಬಂದವರಿಗೆಲ್ಲ ಹೇಳುತ್ತಿದ್ದರು. ಮೂವತ್ತೆರಡು ವರ್ಷದ ಹಿಂದೆ ಆ ಸೀಮೆಯ ಹಳೆಯ ಕಟ್ಟಡಗಳ ಬಗ್ಗೆ ಒಬ್ಬರು ಮೇಷ್ಟರು ಬರೆದ ಪುಸ್ತಕ ಬಂತು. ಮೇಷ್ಟರಿಗೆ ಆಗಲೇ ಕಣ್ಣು ಹೋಗಿತ್ತು, ಮೊಮ್ಮಗಳಿಂದ ಬರೆಸಿದ ಚೀಟಿಗಳನ್ನು ಕಳಿಸುತ್ತಿದ್ದರು. ಒಂದು ಪುಟದಲ್ಲಿ ಕೆರೆಯಾಚೆಯ ಎರಡು ಗೋಪುರಗಳ ಚಿತ್ರ ಕೆತ್ತಿದ ಲೋಹದ ಬ್ಲಾಕು. ಎಡಗಡೆಯದು ರಾಣಿ ಗೋಪುರ, ಬಲಗಡೆಯದು ಕಣಜ, ಎಂದು ಚೀಟಿ. ಅವನು ಮೇಜಿನ ತನ್ನ ಕಡೆ ನಿಂತು ಎಂದಿನಂತೆ ಎರಡು ಸಾಲು ಇಟ್ಟು ಬಿಗಿದಿದ್ದರೆ ಆಗಿತ್ತು. ಆದರೆ ತಲೆಕೆಳಗಾದ ಆ ಗೋಪುರಗಳನ್ನು ನೋಡುತ್ತಿದ್ದಂತೆ ಒಮ್ಮೆ ನೆಟ್ಟಗೆ ನೋಡಬೇಕು ಅನ್ನಿಸಿತು. ಮೇಜು ಸುತ್ತಿ ಆ ಕಡೆಗೆ ಹೋಗಿ ನಿಂತ. ನೆಟ್ಟಗೆ ನಿಂತ ಗೋಪುರ, ಕೆಳಗೆ ನೀರು, ಹಿಂದೆ ಗುಡ್ಡ. ಬಹಳ ಹೊತ್ತು ನೋಡಿದ. ನೋಡುತ್ತ ಅಲ್ಲಿಯೇ ನಿಂತು, ಚೀಟಿಯನ್ನು ಕೈಯಲ್ಲಿ ಹಿಡಿದು, ಎಡಗಡೆಗೆ ರಾಣಿ, ಬಲಗಡೆಗೆ ಕಣಜ ಇಟ್ಟು ಬಿಗಿದ. ಆ ಕಡೆ ನಿಂತು ಇಟ್ಟರೆ ಅಚ್ಚಾಗುವಾಗ ಎಡವೆಲ್ಲ ಬಲ. ಅವನಿಗೆ ಗೊತ್ತಿಲ್ಲದ್ದಲ್ಲ, ಕೆಲಸ ಕಲಿಯಲು ಬಂದ ಹುಡುಗನಿಗೂ ಮೊದಲ ದಿನ ಹೇಳಿಕೊಡುವ ಪಾಠ. ಪ್ರೂಫ್ ನೋಡುವವನು ಆ ಸೀಮೆಗೆ ಕಾಲಿಟ್ಟವನಲ್ಲ, ಅಕ್ಷರ ಸರಿ ಇದೆಯೇ ನೋಡಿ ಸಹಿ ಹಾಕಿದ.

ಪುಸ್ತಕ ಮುಗಿದು ಮೊಳೆ ಬಿಚ್ಚುವಾಗ ಜೇಬಿನಲ್ಲಿ ಚೀಟಿ ಸಿಕ್ಕಿತು. ಓದಿದ, ಅಚ್ಚಾದ ಹಾಳೆ ನೋಡಿದ, ಹಾಳೆಯಲ್ಲಿ ರಾಣಿ ಬಲಗಡೆಗೆ ಬಂದಿದ್ದಳು. ಅದೇ ಚೀಟಿಯಲ್ಲಿ ಕೈಯ ಮಸಿ ಒರೆಸಿ ಬುಟ್ಟಿಗೆ ಹಾಕಿದ. ಹೊರಗೆ ಯಜಮಾನರ ಕೋಣೆಯಲ್ಲಿ ಮೇಷ್ಟರು ಕೂತಿದ್ದರು. ಅವನನ್ನು ಕರೆಸಿ, ಪುಟದ ಮೇಲೆ ಬೆರಳಾಡಿಸುತ್ತ, "ಎರಡೂ ಗೋಪುರ ಸರಿಯಾಗಿ ಬಂದಿದೆಯೇನಪ್ಪ?" ಎಂದು ಕೇಳಿದರು. "ಬಂದಿದೆ ಸಾರ್," ಎಂದ ಅವನು. ಮೇಷ್ಟರು ಅವನ ಕೈ ಹುಡುಕಿ ಹಿಡಿದುಕೊಂಡರು. ಯಜಮಾನರಿಗೆ ಆ ಪುಟ ಎಷ್ಟು ಮೆಚ್ಚಿಕೆಯಾಯಿತೆಂದರೆ ಗಾಜು ಹಾಕಿಸಿ ಗೋಡೆಗೆ ತೂಗಿದರು. ಮೊಳೆ ಹೋಗಿ ಕಂಪ್ಯೂಟರ್ ಬಂತು, ಯಜಮಾನರು ಹೋಗಿ ಅವರ ಮಗ ಬಂದ, ಗೋಡೆಯ ಪುಟ ಮಾತ್ರ ಕದಲಲಿಲ್ಲ. ಅವನು ಕೆಲಸ ಬಿಡುವ ದಿನದವರೆಗೂ ಅದರ ಕೆಳಗೇ ಬುತ್ತಿ ಬಿಚ್ಚಿ ಉಂಡ. ಪುಸ್ತಕ ಬಿಡುಗಡೆಯಾದ ವಾರ ಯಜಮಾನರು ಬಸ್ಸು ಮಾಡಿ ಎಲ್ಲರನ್ನೂ ಮನೆಮಂದಿಯ ಸಮೇತ ಗೋಪುರ ನೋಡಲು ಕರೆದುಕೊಂಡು ಹೋದರು. ಅವನು ಹೋಗಲಿಲ್ಲ. ನಮ್ಮವಳ ಕಾಲು ಸರಿಯಿಲ್ಲ ಸಾರ್, ನಾಲ್ಕು ಮೆಟ್ಟಿಲು ಹತ್ತಿದರೆ ಕುಸಿದು ಕೂರುತ್ತಾಳೆ, ಬಿಟ್ಟು ಹೇಗೆ ಬರಲಿ ಎಂದ. ಮನೆಗೆ ಬಂದು ಹೆಂಡತಿಗೆ, ಬಸ್ಸಿನಲ್ಲಿ ಜಾಗ ಸಾಲಲಿಲ್ಲವಂತೆ ಎಂದ. ಯಜಮಾನರ ಹೆಂಡತಿ ಪಾಪ ಎಂದು ಒಂದು ಬಾಟಲಿ ನೋವಿನೆಣ್ಣೆ ಕೊಟ್ಟು ಕಳಿಸಿದರು. ಅದನ್ನು ಅವನು ಅಟ್ಟದ ಮೇಲೆ ಹಳೆಯ ಪೇಪರುಗಳ ಹಿಂದೆ ಬಚ್ಚಿಟ್ಟ. ಒಂದು ಸುಳ್ಳಿಗೆ ಎಷ್ಟು ಜಾಗ ಬೇಕಾಗುತ್ತದೆ ಎಂದು ಅವನಿಗೆ ಆಗ ತಿಳಿಯಿತು. ಆಮೇಲೆ ಅವಳು ಎರಡು ಮೂರು ಸಲ ಗೋಪುರ ನೋಡಿ ಬರೋಣ ಎಂದಳು. ಅಲ್ಲೇನಿದೆ, ಎರಡು ಮುರುಕು ಗೋಡೆ ಎಂದ. ಅವಳು ಕೇಳುವುದನ್ನು ಬಿಟ್ಟಳು.

ಊಟಕ್ಕೆ ಕೂತದ್ದು ಕೆರೆಯ ಈ ದಂಡೆಯಲ್ಲಿ, ಮರದ ನೆರಳಿನ ಮೇಜಿಗೆ. ಎದುರಿಗೆ ನೀರಿನಾಚೆ ಅವೇ ಎರಡು. ಅವನು ಅವನ್ನು ಕಣ್ಣಾರೆ ನೋಡುತ್ತಿದ್ದದ್ದು ಇದೇ ಮೊದಲು. ಎಡಗಡೆಯದು ತೆಳ್ಳಗೆ ಎತ್ತರವಾಗಿ, ಮೇಲೆ ಒಂದು ಕಿಟಕಿ. ಬಲಗಡೆಯದು ಗಿಡ್ಡ, ಹೊಟ್ಟೆ ದಪ್ಪ. ಹತ್ತಿರದಿಂದ ನೋಡಿದ ಯಾರಿಗಾದರೂ ತಿಳಿಯಬೇಕಿತ್ತು. ಜನ ಇದ್ದದ್ದೆಲ್ಲ ಗಿಡ್ಡದರ ಸುತ್ತ. ಅಲ್ಲಿ ಬೋರ್ಡು, ಅಲ್ಲಿ ಟಿಕೆಟಿನ ಗೂಡು, ಅಲ್ಲಿ ಹೂವಿನ ಪಾತಿ. ಎಡಗಡೆಯದರ ಸುತ್ತ ಹುಲ್ಲು ಆಳೆತ್ತರ ಬೆಳೆದಿತ್ತು. ಎರಡು ಸಾಲು ಸೀಸ ಇಷ್ಟೆಲ್ಲ ಮಾಡುತ್ತದೆ. ಹೆಂಡತಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಅವನ ತಟ್ಟೆಗೆ ಹಾಕಿ, "ಮುರುಕು ಗೋಡೆ ಅಂತಿದ್ರಿ. ಚೆನ್ನಾಗೇ ನಿಂತಿವೆಯಲ್ಲ," ಎಂದಳು.

ಗಿಡ್ಡ ಗೋಪುರಕ್ಕೆ ಮೆಟ್ಟಿಲು ಹೊರಗಿನಿಂದ, ಗೋಡೆಯನ್ನು ಸುತ್ತಿಕೊಂಡು ಮೇಲಕ್ಕೆ. ಹೆಂಡತಿ ಮುಂದೆ, ಗೈಡು ನಡುವೆ, ಅವನು ಏದುಸಿರು ಬಿಡುತ್ತ ಹಿಂದೆ. ಮೇಲಿನ ದುಂಡು ಕೋಣೆಯಲ್ಲಿ ಗೈಡು ಗೋಡೆಗೆ ಒರಗಿ ಒಂದು ಕ್ಷಣ ಕಣ್ಣು ಮುಚ್ಚಿ ಶುರುಮಾಡಿದಳು. ನಿಜವಾಗಿ ಚೆನ್ನಾಗಿ ಹೇಳುತ್ತಿದ್ದಳು. ಯುದ್ಧಕ್ಕೆ ಹೋದ ಗಂಡ ಬರುವ ದಾರಿ ಕಾಯುತ್ತ ರಾಣಿ ಹನ್ನೊಂದು ವರ್ಷ ಈ ಕೋಣೆ ಬಿಟ್ಟು ಇಳಿಯಲಿಲ್ಲ. ಊಟವನ್ನು ಈ ತೂತಿನಿಂದ ಹಗ್ಗ ಕಟ್ಟಿ ಮೇಲೆ ಎಳೆದುಕೊಳ್ಳುತ್ತಿದ್ದಳು. ಆ ಕಿಂಡಿಯಿಂದ ದಾರಿ ನೋಡುತ್ತಿದ್ದಳು. ಕಿಂಡಿ ಸೂರಿನ ಹತ್ತಿರ, ಎರಡಾಳು ಎತ್ತರದಲ್ಲಿತ್ತು, ಅದರಾಚೆ ಕಾಣುತ್ತಿದ್ದದ್ದು ಬರೀ ಗುಡ್ಡ. "ಆಗ ದಾರಿ ಗುಡ್ಡದ ಮೇಲೇ ಇತ್ತಂತೆ," ಎಂದು ಗೈಡು ಸ್ವಲ್ಪ ಬೇಗ ಹೇಳಿ ಮುಂದಕ್ಕೆ ಹೋದಳು. ಅವನು ನೆಲ ನೋಡುತ್ತ ನಿಂತ. ತನ್ನ ತಪ್ಪಿನ ಹೊಟ್ಟೆಯೊಳಗೇ ಬಂದು ನಿಂತ ಹಾಗಾಗಿತ್ತು. ಈ ಹೆಂಗಸು ಅದಕ್ಕೆ ಎಷ್ಟು ಪ್ರೀತಿಯಿಂದ ಕೈಕಾಲು ಮೂಡಿಸಿ ಸಾಕಿದ್ದಾಳೆ.

ಹೆಂಡತಿ ಕತೆ ಕೇಳುತ್ತಲೇ ಗೋಡೆಯ ಮೇಲೆ ಅಂಗೈ ಸವರುತ್ತಿದ್ದಳು. ಆಮೇಲೆ ಬಗ್ಗಿ ನೆಲದ ತೂತಿನೊಳಗೆ ನೋಡಿದಳು.

"ತಪ್ಪು ತಿಳ್ಕೋಬೇಡಮ್ಮ," ಎಂದಳು. "ಇದು ಕಾಳು ಸುರಿಯೋ ತೂತು."

"ಏನಂದ್ರಿ ಅಮ್ಮ?"

"ನೋಡು, ಕೆಳಗೆ ನೆಲ ಒಂದೇ ಕಡೆ ಇಳಿಜಾರು. ಕಾಳು ತಾನಾಗಿ ಬಾಯಿಗೆ ಜಾರಬೇಕು ಅಂತ. ಗೋಡೆಗೆ ಮೂಲೆಯೇ ಇಲ್ಲ, ನುಣ್ಣಗೆ ಗಾರೆ ಮಾಡಿದ್ದಾರೆ, ಇಲಿ ಹತ್ತಬಾರದು, ಹುಳ ಕೂರಬಾರದು. ಕಿಂಡಿ ಗಾಳಿಗೆ. ಹೊರಗಿನ ಮೆಟ್ಟಿಲು ಎಷ್ಟು ಅಗಲ ನೋಡ್ದೆ ತಾನೆ? ಚೀಲ ಹೊತ್ತು ಹತ್ತೋನಿಗೂ ಬರಿಗೈಲಿ ಇಳಿಯೋನಿಗೂ ಸೇರಿ ಜಾಗ ಬಿಟ್ಟಿದ್ದಾರೆ. ನಾನು ಇಪ್ಪತ್ತೆಂಟು ವರ್ಷ ಇಂಥದ್ದರಲ್ಲೇ ಬದುಕಿದೀನಿ ಮಗಳೇ. ಇಲ್ಲಿ ರಾಣಿ ಇದ್ದಿದ್ರೆ ಸೀನಿ ಸೀನಿ ಸತ್ತಿರೋಳು."

ಗೈಡಿನ ಮುಖ ಕೆಂಪಾಯಿತು. ಚೀಲದಿಂದ ಒಂದು ಪುಸ್ತಕ ತೆಗೆದಳು. ರಟ್ಟು ಹೋಗಿ ಬಟ್ಟೆ ಹಚ್ಚಿದ್ದರೂ ಅವನಿಗೆ ದೂರದಿಂದಲೇ ಗುರುತು ಸಿಕ್ಕಿತು. "ನಾನು ಮನಸ್ಸಿಗೆ ಬಂದದ್ದು ಹೇಳೋದಿಲ್ಲ ಅಮ್ಮ. ಇಲ್ಲಿದೆ ನೋಡಿ. ಬೋರ್ಡು ಬರೆದೋರೂ ಇದನ್ನ ನೋಡಿಯೇ ಬರೆದದ್ದು." ಹೆಂಡತಿ ಕನ್ನಡಕ ಹಾಕಿಕೊಂಡು ಚಿತ್ರ ನೋಡಿ, ಹಾಳೆ ತಿರುವಿ ಅಚ್ಚಿನ ಮನೆಯ ಹೆಸರು ನೋಡಿದಳು. ಅವಳ ಮುಖವೆಲ್ಲ ಬದಲಾಯಿತು.

"ರೀ, ಇದು ನಿಮ್ಮ ಪುಸ್ತಕ ಅಲ್ವಾ? ಗೋಡೆಗೆ ಹಾಕಿದ್ರಲ್ಲ, ಆ ಪುಟ?" ಗೈಡಿನ ಕಡೆ ತಿರುಗಿ, "ಇದನ್ನ ಜೋಡಿಸಿದ್ದು ನಮ್ಮೋರೇ ಅಮ್ಮ," ಎಂದಳು. ಪುಸ್ತಕವನ್ನು ಮೆಲ್ಲಗೆ ಮುಚ್ಚಿದಳು. "ಹಾಗಾದ್ರೆ ನಂದೇ ತಪ್ಪು, ಬಿಡು. ಇವರ ಕೈಯಿಂದ ತಪ್ಪು ಹೊರಗೆ ಬರಲ್ಲ. ಗೋದಾಮಿನಲ್ಲಿದ್ದು ಇದ್ದು ನನಗೆ ಕಂಡದ್ದೆಲ್ಲ ಗೋದಾಮು. ನನಗೇನು ಗೊತ್ತಾಗತ್ತೆ ರಾಣಿ ವಿಷಯ."

ಮೇಷ್ಟರು ಕೈ ಹಿಡಿದಾಗಲೂ ಅವನು ತಡೆದುಕೊಂಡಿದ್ದ. ಕೆಲಸ ಬಿಡುವವರೆಗೂ ಆ ಪುಟದ ಕೆಳಗೆ ಅನ್ನ ಇಳಿದಿತ್ತು. ಆದರೆ ಈಗ ಅವಳು, ಒಂದು ಹಿಡಿ ಕಾಳು ಮೂಸಿ ಯಾವ ವರ್ಷದ್ದು ಎಂದು ಹೇಳಬಲ್ಲವಳು, ತನ್ನ ಕಣ್ಣನ್ನೂ ಅಂಗೈಯನ್ನೂ ಇಪ್ಪತ್ತೆಂಟು ವರ್ಷವನ್ನೂ ಅವನ ಎರಡು ಸಾಲಿಗಾಗಿ ಬದಿಗಿಟ್ಟು, ಪೆಚ್ಚಾಗಿ ಕನ್ನಡಕ ಮಡಿಸುತ್ತಿದ್ದಳು. ಅದನ್ನು ನೋಡುತ್ತ ನಿಲ್ಲಲು ಅವನಿಂದ ಆಗಲಿಲ್ಲ.

"ನೀನು ಹೇಳಿದ್ದೇ ಸರಿ," ಎಂದ. "ಪುಸ್ತಕ ತಪ್ಪು. ಇದು ಕಣಜ. ರಾಣಿ ಗೋಪುರ ಆ ಕಡೇದು. ಎರಡು ಸಾಲು ಅದಲು ಬದಲಾಯ್ತು. ಮಾಡಿದ್ದು ನಾನು. ಮೇಷ್ಟರು ಸರಿಯಾಗೇ ಹೇಳಿದ್ರು."

ಅವನು ಮೇಜು ಸುತ್ತಿ ಹೋಗಿದ್ದು, ಚೀಟಿ, ಮಸಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಹೇಳಿದ ಮೇಲೆ ಅದು ಇಷ್ಟೇ ಇಷ್ಟು ಇತ್ತು. ಇದನ್ನೇ ಗಂಟಲಲ್ಲಿ ಇಟ್ಟುಕೊಂಡು ತಾನು ಮುದುಕನಾದನಲ್ಲ ಎಂದು ಅವನಿಗೇ ನಾಚಿಕೆಯಾಯಿತು.

"ನಾನು ಏಳು ವರ್ಷದಿಂದ ಹೇಳ್ತಿದ್ದೀನಿ ಸರ್," ಎಂದಳು ಗೈಡು.

"ನಾನು ಮೂವತ್ತೆರಡು ವರ್ಷದಿಂದ ಹೇಳದೆ ಇದ್ದೀನಮ್ಮ."

ಅವಳು ಪುಸ್ತಕವನ್ನು ಚೀಲಕ್ಕೆ ತುರುಕಿದಳು. ಕೋಪ ಬಂದಿತ್ತು, ಬರಬೇಕಾದದ್ದೇ. "ನಾಳೆ ಒಂದು ಮನೆಯೋರು ಬರ್ತಿದ್ದಾರೆ. ಇಲ್ಲಿ ನಿಂತು ಅವರಿಗೆ ಏನು ಹೇಳಲಿ ನಾನು?"

"ಕಣಜ ಅಂತ ಹೇಳು," ಎಂದಳು ಹೆಂಡತಿ. ಪೆಚ್ಚುತನ ಹೋಗಿ ಗೋದಾಮಿನ ದನಿ ವಾಪಸು ಬಂದಿತ್ತು. "ಕಣಜಕ್ಕೇನು ಕಡಿಮೆ? ಹನ್ನೊಂದು ವರ್ಷ ಗಂಡ ಊರಲ್ಲಿಲ್ಲ. ಊರು ಉಳಿದದ್ದು ರಾಣಿ ಕಿಟಕೀಲಿ ಕೂತದ್ದಕ್ಕಾ? ಇಲ್ಲಿ ಕಾಳಿತ್ತು, ಅದಕ್ಕೆ. ಮೊದಲು ಇದನ್ನ ತೋರಿಸು, ಆಮೇಲೆ ಅದನ್ನ. ಈಗ ನಡಿ, ಆ ಕಡೇದು ನೋಡಬೇಕು ನಾನು."

"ಅಲ್ಲಿಗೆ ಯಾರೂ ಹೋಗಲ್ಲ ಅಮ್ಮ. ಕಾಗದದಲ್ಲೂ ಇಲ್ಲ."

"ಊರಿಗೆ ಹೋದ ತಕ್ಷಣ ನಾನು ಬರೆದು ಕೊಡ್ತೀನಿ," ಎಂದ ಅವನು. "ಬೋರ್ಡಿನ ಆಫೀಸಿಗೆ. ಸಹಿ ಹಾಕಿ."

ದಾರಿಯೆಂದರೆ ಹುಲ್ಲಿನಲ್ಲಿ ಕಾಲು ಹಾಕಿದ್ದೇ ದಾರಿ. ಗೈಡು ಮುಂದೆ ಹೋಗಿ ಮುಳ್ಳು ಸರಿಸಿ ಕೊಡುತ್ತಿದ್ದಳು. ಒಳಗಿನ ಮೆಟ್ಟಿಲು ಇಕ್ಕಟ್ಟು, ಒಬ್ಬರಿಗೆ ಮಾತ್ರ ಜಾಗ, ಹಕ್ಕಿ ಹಿಕ್ಕೆ, ತಣ್ಣನೆಯ ಕತ್ತಲು. ಹೆಂಡತಿಯ ಬಿಳಿ ಬೂಟು ಅವನ ಕಣ್ಣೆದುರಿಗೆ ಒಂದೊಂದೇ ಮೆಟ್ಟಿಲು ಏರುತ್ತಿತ್ತು, ಎಲ್ಲಿಯೂ ನಿಲ್ಲಲಿಲ್ಲ. ಅವನಿಗೆ ಎದೆ ಹಗುರಾಗಿತ್ತು. ಹೇಳಿಬಿಟ್ಟೆ, ಆಕಾಶ ಬೀಳಲಿಲ್ಲ, ಇನ್ನು ಏನೂ ಉಳಿದಿಲ್ಲ ಎಂದುಕೊಂಡ. ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳೇಕೆ.

ಮೇಲೆ ಕಿಟಕಿ ಸೊಂಟದ ಎತ್ತರಕ್ಕಿತ್ತು. ಅದರ ಬುಡದಲ್ಲಿ ಕಲ್ಲಿನ ಕಟ್ಟೆ, ಇಬ್ಬರು ಕೂರುವಷ್ಟು. ಕಟ್ಟೆಯ ಒಂದು ತುದಿ ಮಾತ್ರ ಸವೆದು ತಗ್ಗಾಗಿ ನುಣುಪಾಗಿತ್ತು. ಗೈಡು ಹೊರಗೆ ನೋಡಿದಳು. ಕೆಳಗೆ ಕೆರೆಯ ಏರಿ, ಏರಿಯ ಮೇಲೆ ದಾರಿ, ಅದು ಬಯಲು ದಾಟಿ ಕಣ್ಣು ಹೋಗುವಷ್ಟು ದೂರ ನೇರವಾಗಿ ಹೋಗುತ್ತಿತ್ತು. ಬರುವವನು ಒಂದು ಹರಿದಾರಿ ದೂರದಿಂದಲೇ ಕಾಣುತ್ತಿದ್ದ. ಅವಳು ಸವೆದ ಕಲ್ಲಿನ ಮೇಲೆ ಕೈಯಾಡಿಸಿದಳು. "ಗುಡ್ಡದ ಮೇಲಿನ ದಾರಿ ನಾನೇ ಸೇರಿಸಿದ್ದು ಸರ್," ಎಂದಳು ಕೊನೆಗೆ. "ಪುಸ್ತಕದಲ್ಲಿ ಇಲ್ಲ ಅದು. ಜನ ಕೇಳ್ತಿದ್ರು, ಏನಾದ್ರೂ ಹೇಳಬೇಕಿತ್ತು." ಆಮೇಲೆ ಸ್ವಲ್ಪ ನಕ್ಕು, ಬಾಗಿಲ ಬಳಿಯ ಹುಲ್ಲು ಕೀಳುತ್ತೇನೆ, ನಾಳೆಗೆ ಬೇಕು ಎಂದು ಕೆಳಗಿಳಿದು ಹೋದಳು.

ಹೆಂಡತಿ ಸವೆದ ಜಾಗದಲ್ಲಿ ಕೂತಳು. ಬೂಟು ಬಿಚ್ಚಿ, ಕಾಲು ಎರಡೂ ಮುಂದೆ ಚಾಚಿ, ಬೆರಳು ಆಡಿಸಿದಳು.

"ನನ್ನ ಕಾಲು ಸರಿಯಾಗಿದೆ ನೋಡಿ," ಎಂದಳು.

"ಆಂ?"

"ಆವತ್ತೂ ಸರಿಯಾಗೇ ಇತ್ತು."

ಕೆಳಗೆ ಗೈಡು ಹುಲ್ಲು ಕೀಳುವ ಸದ್ದು ಕೇಳುತ್ತಿತ್ತು. ಅವನು ಕಿಟಕಿಯ ಚೌಕಟ್ಟು ಹಿಡಿದುಕೊಂಡ.

"ನಿಮ್ಮ ಅಚ್ಚಿನ ಮನೆ ಬೈಂಡಿಂಗಿನವನ ಹೆಂಡತಿ ಸಂತೇಲಿ ಸಿಕ್ಕಿ ಕೇಳಿದಳು, ಕಾಲು ಹೇಗಿದೆ ಅಕ್ಕಾ, ನಡೀತೀಯಲ್ಲ ಅಂತ. ನನಗೆ ಏನೂ ತೋಚಲಿಲ್ಲ. ಮನೆಗೆ ಹೋಗೋವರೆಗೂ ಅವಳ ಮುಂದೆ ಕುಂಟಿಕೊಂಡು ನಡೆದೆ. ಆಮೇಲೆ ಅಟ್ಟ ಗುಡಿಸುವಾಗ ಬಾಟಲಿ ಸಿಕ್ತು. ಮುಗಿಯೋವರೆಗೂ ನಿಮ್ಮ ಸೊಂಟಕ್ಕೇ ತಿಕ್ಕಿದೆ. ಅಂಗಡೀಲಿ ತಂದೆ ಅಂದಿದ್ದೆನಲ್ಲ, ಅದು." ಅವಳ ದನಿಯಲ್ಲಿ ಕೋಪವಿರಲಿಲ್ಲ. "ನನ್ನ ಜೊತೆ ನಾಲ್ಕು ಜನದ ಮುಂದೆ ಓಡಾಡೋಕೆ ನಿಮಗೆ ನಾಚಿಕೆ ಅಂದ್ಕೊಂಡಿದ್ದೆ ಇಷ್ಟು ವರ್ಷ. ನಾನು ಮೈಯೆಲ್ಲ ಧೂಳು ಮಾಡ್ಕೊಂಡು ಚೀಲ ತೂಗೋಳು, ನೀವು ಅಕ್ಷರದೋರು. ಇವತ್ತು ಗೊತ್ತಾಯ್ತು, ಗೋಪುರದ ಕತೆ ಅಂತ."

ಹೇಳಿಬಿಟ್ಟೆ ಎಂದುಕೊಂಡದ್ದು ಬರೀ ಒಂದು ಪುಟದ ವಿಷಯ. ಈ ಇನ್ನೊಂದು ತಪ್ಪಿಗೆ ಗಾಜು ಹಾಕಿಸಿ ಯಾರೂ ಗೋಡೆಗೆ ತೂಗಿರಲಿಲ್ಲ, ಅದು ದಿನಾ ಅವನ ಪಕ್ಕದಲ್ಲೇ ಮಲಗಿ ಏಳುತ್ತಿತ್ತು, ಅವನು ಓದಿರಲಿಲ್ಲ.

"ಬಹಳ ನೋವಾಯ್ತಾ?" ಎಂದ.

"ಕಾಲಾ?"

"ಅಲ್ಲ."

"ಆಗಿತ್ತು," ಎಂದಳು. ಗಾಳಿ ಒಳಗೆ ಬಂತು. ಅವಳು ಕಟ್ಟೆಯ ಸವೆಯದ ತುದಿಯನ್ನು ಸೆರಗಿನಿಂದ ಒರೆಸಿ ಅವನಿಗೆ ಜಾಗ ಮಾಡಿದಳು. "ಈಗ ಅಡ್ಡ ನಿಲ್ಲಬೇಡಿ, ಕೂತ್ಕೊಳಿ. ದಾರಿ ಕಾಣ್ತಿಲ್ಲ ನನಗೆ."

ಅವನು ಕೂತ.